ಮಧ್ಯಮ ಪುರುಷ

…ಅಥವಾ ಅದು “ನೀವು” ಎಂದಿರಲು ಸಾಧ್ಯವೇ ಇಲ್ಲ, ಏಕೆಂದರೆ ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ “ಯೂ” ಎಂದಿರಬೇಕು. ಆದರೂ ನನ್ನ ನೆನಪಿನಲ್ಲಿ ಅದು ಮೈಸೂರಿನ ಮರ್ಯಾದಸ್ಥರ ಕನ್ನಡದಲ್ಲಿ, “ನೀವು ಒಂದು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದೀರಿ” ಎಂದೇ ಹೇಳುತ್ತದೆ. ಇಪ್ಪತ್ತೈದು ವರ್ಷದಿಂದ ಹಾಗೆಯೇ ಹೇಳುತ್ತಾ ಬಂದಿದೆ. ಈ ವಾಕ್ಯವನ್ನು ನಾನು ಎಷ್ಟು ಜನರ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ, ಅದರ ಮೂಲೆಗಳೆಲ್ಲ ಸವೆದು ನುಣ್ಣಗಾಗಿವೆ. ನುಣ್ಣಗಾದ ನೆನಪೆಂದರೆ ನನಗೆ ಅನುಮಾನ. ನಿಜವಾಗಿ ನಡೆದದ್ದಾದರೆ ಕೈಯಾಡಿಸಿದಾಗ ಎಲ್ಲಾದರೂ ಒಂದು ಕಡೆ ಸಿಬಿರು ಚುಚ್ಚಬೇಕು.

ಸಂಗತಿ ಇಷ್ಟು. ಅದೊಂದು ಕಂಪ್ಯೂಟರ್ ಆಟ. ಈಗ ಎಲ್ಲರೂ ಫೋನಿನಲ್ಲಿ ಆಡುವಂಥ, ಬಣ್ಣಗಳು ಓಡಾಡುವ ಆಟವಲ್ಲ. ಅದರಲ್ಲಿ ಚಿತ್ರವೇ ಇರಲಿಲ್ಲ; ಬರೀ ಮಾತು. ನೀವು ಎಲ್ಲಿದ್ದೀರಿ, ಎದುರಿಗೆ ಏನಿದೆ ಎಂದು ಯಂತ್ರ ಎರಡು ಮೂರು ವಾಕ್ಯಗಳಲ್ಲಿ ಹೇಳುತ್ತದೆ. ಏನು ಮಾಡಬೇಕೆಂದು ನೀವು ಕೀಬೋರ್ಡಿನಲ್ಲಿ ಎರಡು ಪದ ಒತ್ತುತ್ತೀರಿ: ಬಾಗಿಲು ತೆಗೆ, ಉತ್ತರಕ್ಕೆ ಹೋಗು, ಪೆಟ್ಟಿಗೆ ಎತ್ತು. ಅದರಿಂದ ಏನಾಯಿತೆಂದು ಅದು ಮತ್ತೆ ಹೇಳುತ್ತದೆ. ಹೀಗೆ ನೀವೂ ಅದೂ ಮಾತಾಡಿಕೊಂಡು ಯಾವುದೋ ಗುಹೆ, ಯಾವುದೋ ಕೋಟೆ ಸುತ್ತುತ್ತೀರಿ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ಡಬ್ಬಿ ಇತ್ತು. ಪರದೆಯ ಮೇಲೆ ಬರಬೇಕಾದ ಅಕ್ಷರಗಳನ್ನೆಲ್ಲ ಅದು ಗಟ್ಟಿಯಾಗಿ ಓದುತ್ತಿತ್ತು. ನೆಗಡಿಯಾದ ಮನುಷ್ಯನೊಬ್ಬ ಸ್ಟೀಲ್ ಕ್ಯಾರಿಯರಿನೊಳಗೆ ಕೂತು ಮಾತಾಡಿದಂತಿತ್ತು ಆ ದನಿ. ಈಗಲೂ ಯಾರಾದರೂ ಮೂಗು ಕಟ್ಟಿದ ದನಿಯಲ್ಲಿ ಮಾತಾಡಿಸಿದರೆ ನನಗೆ ತಕ್ಷಣ ಅವರ ಮೇಲೆ ನಂಬಿಕೆ ಬಂದುಬಿಡುತ್ತದೆ.

ಈ ಡಬ್ಬಿಗೆ ನಾನೇಕೆ ಋಣಿ ಎಂದು ಹೇಳಬೇಕಾದರೆ ಸ್ವಲ್ಪ ವ್ಯಾಕರಣದ ಮೂಲಕ ಹೋಗಬೇಕು. ಹೆದರಬೇಡಿ, ಹೈಸ್ಕೂಲಿನ ವ್ಯಾಕರಣವಷ್ಟೆ.

ನನ್ನ ಕಣ್ಣು ಒಂದೇ ದಿನ ಹೋದದ್ದಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ಅಂಚಿನಿಂದ ಮಸುಕಾಗತೊಡಗಿ, ಇಪ್ಪತ್ಮೂರು ತುಂಬುವ ಹೊತ್ತಿಗೆ ಪೂರ್ತಿಯಾಯಿತು. ಏನೇನು ಕಷ್ಟವಾಗುತ್ತದೆಂದು ಡಾಕ್ಟರು ಹೇಳಿದ್ದರು. ರಸ್ತೆ, ಮೆಟ್ಟಿಲು, ಓದು. ಆದರೆ ಒಂದು ವಿಷಯ ಯಾರೂ ಹೇಳಿರಲಿಲ್ಲ. ಕಣ್ಣು ಹೋದ ಕೂಡಲೇ ನನಗೆ ವ್ಯಾಕರಣದಲ್ಲಿ ವರ್ಗವಾಗಿತ್ತು. ಅಲ್ಲಿಯವರೆಗೆ ನಾನು ಜನರ ಪಾಲಿಗೆ “ನೀನು” ಅಥವಾ “ನೀವು” ಆಗಿದ್ದವನು. ಈಗ “ಅವರು”, “ಇವರು” ಆದೆ. ಅಗ್ರಹಾರದ ಹೋಟೆಲಿನಲ್ಲಿ ಸಪ್ಲೈಯರ್ ನನ್ನ ಅಕ್ಕನ ಹತ್ತಿರ ಆರ್ಡರ್ ತೆಗೆದುಕೊಂಡು, ನನ್ನ ತಲೆಯ ಮೇಲಿನಿಂದ ಅವಳನ್ನೇ ಕೇಳುತ್ತಿದ್ದ: “ಇವ್ರಿಗೇನ್ ಕೊಡ್ಲಿ ಮೇಡಂ?” ಪ್ಯಾಂಟ್ ಹೊಲಿಸಲು ಹೋದರೆ ದರ್ಜಿ ನನ್ನ ಸೊಂಟಕ್ಕೆ ಟೇಪು ಸುತ್ತಿಕೊಂಡೇ ಭಾವನನ್ನು ಕೇಳುತ್ತಿದ್ದ: “ಅವ್ರಿಗೆ ಟೈಟ್ ಆಗುತ್ತಾ?” ಭಾವ ಪಾಪ, ನನ್ನ ಸೊಂಟದ ಅನುಭವವನ್ನು ಊಹಿಸಿ ಉತ್ತರ ಕೊಡುತ್ತಿದ್ದರು.

ಕ್ಷೌರದಂಗಡಿಯ ಪ್ರಕರಣವಂತೂ ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನನ್ನ ಮೇಲ್ದುಟಿಯ ಮೇಲೆ ಕತ್ತಿ ಇಟ್ಟುಕೊಂಡು ಆತ ಹಿಂದಿನ ಬೆಂಚಿನಲ್ಲಿದ್ದ ಭಾವನನ್ನು ಕೇಳಿದ, “ಮೀಸೆ ಬುಡ್ಲಾ ಸಾರ್, ತೆಗೆದ್ಬುಡ್ಲಾ ಇವ್ರಿಗೆ?” ಪೇಪರಿನಲ್ಲಿ ಮುಳುಗಿದ್ದ ಭಾವ ಯಾವುದೋ ಸುದ್ದಿಗೆ “ಹ್ಞೂಂ” ಅಂದರು. ಮೀಸೆ ಹೋಯಿತು. ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಕ್ಕು ನಕ್ಕು ಕೂತುಬಿಟ್ಟಳು. ಆಗ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಕತ್ತಿ ತುಟಿಯ ಮೇಲಿತ್ತು ಎಂಬುದು ನಾನು ಎಲ್ಲರಿಗೂ ಕೊಡುವ ಕಾರಣ. ನಿಜವಾದ ಕಾರಣ ಬೇರೆ: ಪ್ರಶ್ನೆ ನನ್ನನ್ನು ಕೇಳಿರಲಿಲ್ಲ. ಬೇರೆಯವರನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಪ್ರಸಂಗ ಎಂದು ನಮ್ಮ ಮೇಷ್ಟ್ರುಗಳು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ್ದರು.

ನಮ್ಮ ವ್ಯಾಕರಣದಲ್ಲಿ ಒಂದು ವಿಚಿತ್ರವಿದೆ. “ಅವನು, ಅವಳು, ಅವರು” ಎನ್ನುವುದನ್ನು ಪ್ರಥಮ ಪುರುಷ ಎನ್ನುತ್ತಾರೆ. “ನೀನು, ನೀವು” ಮಧ್ಯಮ ಪುರುಷ. “ನಾನು” ಎನ್ನುವವನು ಉತ್ತಮ ಪುರುಷ. ಇಂಗ್ಲಿಷಿನವರು “ನಾನು” ಎಂಬಲ್ಲಿಂದ ಎಣಿಸುತ್ತಾರೆ, ನಾವು ಅವನಿಂದ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕಣ್ಣು ಹೋದ ಮೇಲೆ ಗೊತ್ತಾಯಿತು, ಮನುಷ್ಯನನ್ನು ಉತ್ತಮ ಪುರುಷನ ಜಾಗದಿಂದ ಕೆಳಗಿಳಿಸಿ ಪ್ರಥಮ ಪುರುಷದಲ್ಲಿ ಕೂರಿಸಿದರೆ, ಮತ್ತೆ ಮೇಲೆ ಹತ್ತಲು ಮಧ್ಯಮದ ಮೆಟ್ಟಿಲೇ ಬೇಕು. ಯಾರಾದರೂ “ನೀನು” ಎನ್ನದೆ “ನಾನು” ಎನ್ನಲು ಬಾಯಿ ಬರುವುದಿಲ್ಲ. (ಇದು ಬಹಳ ಅಚ್ಚುಕಟ್ಟಾಗಿ ಬಂತು. ಅಚ್ಚುಕಟ್ಟಾಗಿ ಬಂದದ್ದರಿಂದಲೇ ಅರ್ಧ ಮಾತ್ರ ನಂಬಿ.)

ಹೇಗೋ, ನಾನು ಮಾತು ಕಡಿಮೆ ಮಾಡಿದೆ. “ಹ್ಞೂಂ”, “ಬೇಡ”, “ಆಯ್ತು”: ಈ ಮೂರರಲ್ಲಿ ದಿನ ಸಾಗುತ್ತಿತ್ತು. ಆಗ ಅಕ್ಕನಿಗೆ ಎಲ್ಲಿಂದಲೋ ಸುದ್ದಿ ಸಿಕ್ಕಿತು. ಊರಿನ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಕಣ್ಣು ಕಾಣದವರನ್ನು ತೆಗೆದುಕೊಳ್ಳುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬರಬೇಕು. ಸಂದರ್ಶನಕ್ಕೆ ನಾಲ್ಕು ತಿಂಗಳಿತ್ತು. ಅದೇ ಸಮಯಕ್ಕೆ ಭಾವನಿಗೆ ಬೇರೆ ಊರಿಗೆ ವರ್ಗವಾಗುವ ಮಾತು ನಡೆದಿತ್ತು. ಕೆಲಸ ಸಿಕ್ಕಿದರೆ ನಾನು ಮೈಸೂರಿನಲ್ಲೇ ಉಳಿಯಬಹುದು. ಸಿಗದಿದ್ದರೆ ಸಾಮಾನಿನ ಲಾರಿಯ ಜೊತೆ ನಾನೂ ಹೋಗುವುದು. ಯಾರೂ ಇದನ್ನು ನನಗೆ ಹೇಳಲಿಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೆಯ ಅಡುಗೆಮನೆಯಲ್ಲಿ “ಅವನನ್ನೂ ಕರ್ಕೊಂಡ್ ಹೋಗೋಣ, ಇನ್ನೇನ್ ಮಾಡೋದು” ಎಂದು ಭಾವ ಅಂದದ್ದು ಕೇಳಿಸಿತು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ “ಅವನನ್ನೂ” ಎಂಬುದರ ಹಿಂದೆ ಬೀರು, ಗ್ರೈಂಡರ್ ಎಲ್ಲ ಸಾಲಾಗಿ ನಿಂತಂತೆ ನನಗೆ ಕೇಳಿಸಿದ್ದು ನನ್ನ ಕಿವಿಯ ತಪ್ಪು.

ಹೀಗೆ ಅಕ್ಕ ನನ್ನನ್ನು ಲಕ್ಷ್ಮೀಪುರಂನ ಒಂದು ಮನೆಯ ಮಹಡಿಯ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ನಮ್ಮಂಥವರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದವನು ಮಾದೇವ. ನಂಜನಗೂಡಿನ ಕಡೆಯವನು, ಹುಟ್ಟಿನಿಂದಲೇ ಕುರುಡ, ನನಗಿಂತ ಎರಡು ವರ್ಷ ದೊಡ್ಡವನು. ಮೊದಲ ವಾರ ನಾನು ಕೀಬೋರ್ಡ್ ಮುಟ್ಟಲೇ ಇಲ್ಲ. ಕಾಲೇಜಿನ ಪತ್ರಿಕೆಯಲ್ಲಿ ಪೂರ್ಣವಿರಾಮವೇ ಇಲ್ಲದ ಕವಿತೆ ಬರೆದು ಹೆಸರು ಮಾಡಿದ್ದವನು ನಾನು. ಈಗ ‘ಎ ಎಸ್ ಡಿ ಎಫ್’ ಎಂದು ಬೆರಳು ಕುಣಿಸುತ್ತ ಕೂರಬೇಕೇ ಎಂಬ ಜಂಬ.

“ಟೈಪಿಂಗ್ ಕಲೀಬೇಡ ಬುಡು,” ಎಂದ ಮಾದೇವ. “ಸುಮ್ನೆ ಒಂದ್ ಆಟ ಆಡು.”

“ಈ ವಯಸ್ಸಲ್ಲಿ ಆಟವಾ?”

“ಇನ್ನೇನ್ ಮಾಡ್ತೀಯಾ? ಮೀಸೆ ತಿರುವ್ಕೊಂಡ್ ಕೂತ್ಕೊಳವಾ ಅಂದ್ರೆ ಅದೂ ಇಲ್ವಂತಲ್ಲೋ ನಿಂಗೆ.”

ಅಕ್ಕ ಅಷ್ಟು ಹೊತ್ತಿಗಾಗಲೇ ಎಲ್ಲ ವರದಿ ಒಪ್ಪಿಸಿದ್ದಳು.

ಹಾಗೆ ಆ ಡಬ್ಬಿ ನನ್ನನ್ನು ಮಾತಾಡಿಸಿತು. ನೀವು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದೀರಿ. ಇಷ್ಟು ಹೇಳಿ ಅದು ಸುಮ್ಮನಾಯಿತು. ಕಾಯುತ್ತಿತ್ತು. ಪಕ್ಕದಲ್ಲಿ ಅಕ್ಕ ಇದ್ದಳು. ಅದು ಅಕ್ಕನನ್ನು ಕೇಳಲಿಲ್ಲ. ನಾನು ಏನಾದರೂ ಹೇಳುವವರೆಗೆ ಆ ಲೋಕದಲ್ಲಿ ಎಲೆಯೂ ಅಲುಗುವುದಿಲ್ಲ. ಕಣ್ಣು ಹೋದ ಮೇಲೆ ನನ್ನ ಮಾತಿಗೆ ಅಷ್ಟು ತಾಳ್ಮೆಯಿಂದ ಕಾದವರು ಇನ್ನೊಬ್ಬರಿರಲಿಲ್ಲ. ಬಾಗಿಲು ತೆಗೆಯಲು ಬೇಕಾದ ಅಕ್ಷರಗಳನ್ನು ಹುಡುಕಲು ನನಗೆ ಐದು ನಿಮಿಷ ಹಿಡಿಯಿತು. ಒಂದಕ್ಷರ ತಪ್ಪಿತು. “ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ” ಎಂದಿತು. ಅದರಲ್ಲಿ ಅಯ್ಯೋ ಪಾಪ ಇರಲಿಲ್ಲ. ಇನ್ನೊಮ್ಮೆ ಹೇಳಿದೆ. ಬಾಗಿಲು ತೆರೆಯಿತು.

ಒಂದು ತಿಂಗಳಲ್ಲಿ ನಾನು ಎಷ್ಟು ಬಾಗಿಲು ತೆಗೆದೆನೋ ಲೆಕ್ಕವಿಲ್ಲ. ಟೈಪಿಂಗ್ ಕಲಿತದ್ದು ಗೊತ್ತೇ ಆಗಲಿಲ್ಲ. ಹಿಂದೆ ಹೆಡೆಯೆತ್ತಿದ ಹಾವು ಇರುವಾಗ ‘ಓಡು’ ಎಂಬ ಪದವನ್ನು ಯಾರೂ ನಿಧಾನವಾಗಿ ಒತ್ತುವುದಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಆ ಮೊದಮೊದಲ ಆಟಗಳನ್ನು ಯಾರೂ ನಮಗೋಸ್ಕರ ಮಾಡಿರಲಿಲ್ಲ. ಆ ಕಾಲದ ಕಂಪ್ಯೂಟರುಗಳು ಬಡವು, ಅವಕ್ಕೆ ಚಿತ್ರ ಬರೆಯುವ ಶಕ್ತಿ ಇರಲಿಲ್ಲ. ಆದ್ದರಿಂದ ಮಾತಿನಲ್ಲೇ ಹೇಳಿಕೊಳ್ಳುತ್ತಿದ್ದವು. ಆ ಬಡತನದ ಸಂದಿಯಲ್ಲಿ ನಾವು ಒಳಗೆ ನುಗ್ಗಿದೆವು. ಯಂತ್ರಗಳು ಸಿರಿವಂತವಾಗಿ ಚಿತ್ರ ಬಂದದ್ದೇ ನಮಗೆ ಬಾಗಿಲು ಹಾಕಿಕೊಂಡಿತು. ನನಗೆ ಸಿಕ್ಕ ದೊಡ್ಡ ಉಪಕಾರ ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ ಎಂಬುದು ನನಗೆ ಒಂದು ಬಗೆಯ ಸಮಾಧಾನ ಕೊಡುತ್ತದೆ. ಉದ್ದೇಶಪಟ್ಟು ಉಪಕಾರ ಮಾಡಿದವರು ಆಗಾಗ ಬಂದು, “ಹೇಗಿದ್ದಾರೆ ಇವರು?” ಎಂದು ಪಕ್ಕದವರನ್ನು ವಿಚಾರಿಸಿಕೊಂಡು ಹೋಗುತ್ತಾರೆ.

ನಮಗೋಸ್ಕರ ಮಾಡಿದ್ದಲ್ಲ ಎನ್ನುವುದಕ್ಕೆ ಸಾಕ್ಷಿ ಆಟದೊಳಗೇ ಇತ್ತು. ಗುಹೆಯಲ್ಲಿ ಸ್ವಲ್ಪ ದೂರ ಹೋದರೆ ಯಂತ್ರ ತಡೆಯುತ್ತಿತ್ತು: ಕತ್ತಲು, ದೀಪವಿಲ್ಲದೆ ಮುಂದೆ ಹೋಗುವಂತಿಲ್ಲ. ಮಾದೇವನಿಗೆ ಇದು ಬಂದಾಗಲೆಲ್ಲ ಸಿಟ್ಟು. “ದೀಪ ಯಾಕೋ ಬೇಕು? ನಾನೇನ್ ಮನೇಲಿ ದೀಪ ಅಚ್ಕೊಂಡ್ ಓಡಾಡ್ತೀನಾ? ಈ ನನ್ಮಗಂಗೆ ಯಾರಾದ್ರೂ ಏಳ್ರೋ, ಇಲ್ಲಿ ಕೂತಿರೋನಿಗೆ ಕತ್ತಲು ಬೆಳಕು ಎಲ್ಲ ಒಂದೇ ಅಂತ.” ಹೇಳುವವರಾರು? ಮಾದೇವ ಗೊಣಗುತ್ತ ವಾಪಸು ಹೋಗಿ ದೀಪ ಹುಡುಕಿಕೊಂಡು ಬರುತ್ತಿದ್ದ. ಹುಟ್ಟಾ ಕುರುಡನೊಬ್ಬ ಎಣ್ಣೆ ಮುಗಿದೀತೆಂದು ಆತಂಕಪಡುವುದನ್ನು ನಾನು ಅಲ್ಲಿ ಮಾತ್ರ ಕಂಡದ್ದು.

ಆಮೇಲೆ ಬರೀ ಸದ್ದಿನ ಆಟಗಳೂ ಬಂದವು. ಇವನ್ನು ನಮ್ಮಂಥವರೇ ಎಲ್ಲೆಲ್ಲೋ ಕೂತು ಮಾಡಿದ್ದು ಎಂದು ಮಾದೇವ ಹೆಮ್ಮೆಯಿಂದ ಹೇಳುತ್ತಿದ್ದ. ಹೆಡ್‌ಫೋನ್ ಹಾಕಿಕೊಂಡರೆ ಎಡಗಿವಿಯಲ್ಲಿ ಕಾರು, ಬಲಗಿವಿಯಲ್ಲಿ ಗೋಡೆ. ಎರಡರ ಸದ್ದೂ ಸಮವಾಗಿರುವಂತೆ ನಡುವೆ ಓಡಿಸಬೇಕು. ಒಂದು ದಿನ ಭಾವ ನನ್ನನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತರು.

“ಏನ್ರೀ ಇದು, ಮಾನಿಟರ್ ಕೆಟ್ಟಿದ್ಯಲ್ಲ? ಪೂರ್ತಿ ಕಪ್ಪಗಿದೆ!”

“ಔದಾ ಸಾರ್?” ಎಂದ ಮಾದೇವ. “ಯಾವಾಗಿಂದ?”

ಭಾವ ಮನಸಾರೆ ನಕ್ಕರು. ನಗು ಮುಗಿದ ಮೇಲೆ ಅವರನ್ನು ಕೂರಿಸಿ ಹೆಡ್‌ಫೋನ್ ಹಾಕಿದೆವು. ಎರಡೇ ಸೆಕೆಂಡಿನಲ್ಲಿ ಗೋಡೆಗೆ ಗುದ್ದಿದರು. ಮತ್ತೆ ಗುದ್ದಿದರು. ಆಮೇಲೆ, “ಲೋ, ಈಗ ಎತ್ಲಾಗೆ ತಿರುಗಿಸ್ಲೋ? ಹೇಳೋ ಬೇಗ!” ಎಂದು ನನ್ನ ತೊಡೆ ಹಿಡಿದರು. ದರ್ಜಿಯ ಟೇಪಿನ ಹತ್ತಿರವಾಗಲಿ, ಪೇಪರಿನ ಹಿಂದಾಗಲಿ ಕೇಳದ ಪ್ರಶ್ನೆ. “ಎಡಕ್ಕೆ ಭಾವ, ಎಡಕ್ಕೆ, ಸ್ವಲ್ಪ!” ಎಂದು ನಾನು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತಂತೆ.

ಎರಡನೆಯ ತಿಂಗಳು ಮಾದೇವನಿಗೆ ಹುಚ್ಚು ಹಿಡಿಯಿತು. ಕನ್ನಡದಲ್ಲಿ ನಮ್ಮದೇ ಆಟ ಮಾಡೋಣ ಎಂದ. ಪ್ರೋಗ್ರಾಮು ಅವನದು, ವಾಕ್ಯಗಳು ನನ್ನವು. ಅಗ್ರಹಾರದ ಒಂದು ಮನೆಯಿಂದ ಹೊರಟು, ಚಪ್ಪಲಿ ಹುಡುಕಿ, ಓಣಿ ದಾಟಿ, ಮದುವೆ ಛತ್ರ ಸೇರಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಅಷ್ಟೇ ಆಟ. ದೀಪ ಬೇಡವೇ ಬೇಡ ಎಂದು ಮಾದೇವ ಮೊದಲೇ ಪ್ರಮಾಣ ಮಾಡಿಸಿಕೊಂಡಿದ್ದ. ಆದರೆ ಕತ್ತಲಿಲ್ಲದೆ ಆಟಕ್ಕೆ ರುಚಿ ಎಲ್ಲಿ? ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು. ನಮ್ಮ ಕತ್ತಲೆಂದರೆ ಗದ್ದಲ. ಛತ್ರದ ನಡುಮನೆಯಲ್ಲಿ ವಾಲಗ ಊದುತ್ತಿರುತ್ತಾರೆ: “ಇಲ್ಲಿ ವಾಲಗ. ಯಾವ ಕಡೆ ಏನಿದೆ ಎಂದು ಒಂದೂ ಗೊತ್ತಾಗುತ್ತಿಲ್ಲ.” ವಾಲಗದವರಿಗೆ ಕಾಫಿ ತಂದುಕೊಟ್ಟರೆ ಅವರು ಊದುವುದನ್ನು ನಿಲ್ಲಿಸುತ್ತಾರೆ, ಆಗ ಪಾತ್ರೆಯ ಸದ್ದು ಹಿಡಿದು ಊಟದ ಮನೆಗೆ ಹೋಗಬಹುದು. ಇದನ್ನು ಕಂಡುಹಿಡಿದ ದಿನ ಮಾದೇವ ಮೇಜು ಗುದ್ದಿ ಕುಣಿದಿದ್ದ.

ತೊಂದರೆ ಬಂದದ್ದು ಡಬ್ಬಿಯಿಂದ. ಅದಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ‘ನೀವು’ ಎಂಬುದನ್ನು ‘ನೀವ್ಯೂ’ ಎಂದು ಓದುತ್ತಿತ್ತು. ಅದನ್ನು ಸರಿಯಾಗಿ ಅನ್ನಿಸಲು ಕಾಗುಣಿತವನ್ನು ತಿರುಚಿ ತಿರುಚಿ ನೋಡಬೇಕಾಗುತ್ತಿತ್ತು. ‘ಳ’ ಮತ್ತು ‘ಣ’ ಅದರ ನಾಲಿಗೆಯಲ್ಲಿ ಹೊರಳುತ್ತಲೇ ಇರಲಿಲ್ಲ. ಊಟದೆಲೆಗೆ ಬಂದದ್ದೆಲ್ಲ ‘ಬಾಲೆಹನ್ನು’.

ಇನ್ನೊಂದು ತೊಂದರೆ ನಮ್ಮಿಂದಲೇ ಬಂತು. ಇಂಗ್ಲಿಷಿನ ‘ಯೂ’ಗೆ ಏಕವಚನ ಬಹುವಚನದ ತಲೆನೋವಿಲ್ಲ. ಕನ್ನಡದಲ್ಲಿ ಯಂತ್ರ ಆಟಗಾರನನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ‘ನೀನು’ ಎಂದೇ ಬರೆಯೋಣ ಎಂದು ಮಾದೇವ ಹಟ ಹಿಡಿದ. ಅದಕ್ಕೆ ಅಡ್ಡ ಬಂದವರು ಶಾರದಮ್ಮ ಟೀಚರು. ಪ್ರೈಮರಿ ಶಾಲೆಯಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ ಅವರ ದೃಷ್ಟಿ ಹೋಗಿತ್ತು; ಬೇಜಾರು ಕಳೆಯಲು ನಮ್ಮ ಕೋಣೆಗೆ ಬರುತ್ತಿದ್ದರು. ಒಂದನೆಯ ಕ್ಲಾಸಿನ ಮಕ್ಕಳನ್ನೂ ಬಹುವಚನದಲ್ಲಿ ಗದರಿಸುತ್ತಿದ್ದವರೆಂದು ಖ್ಯಾತಿ.

“ನೋಡಿ ಮಾದೇವಪ್ಪ, ಗುರುತು ಪರಿಚಯ ಇಲ್ಲದವರನ್ನ ಏಕವಚನದಲ್ಲಿ ಕರೀಬಾರದು. ಮಿಷಿನ್ ಆದ್ರೇನು, ಅದಕ್ಕೂ ಕಲಿಸಬೇಕು.”

“ಅಮ್ಮಾ, ಅದು ತಗಡು ಕಣಮ್ಮಾ. ತಗಡಿಗೆಂಥ ಮರ್ವಾದೆ?”

“ತಗಡು ನಿಮ್ಮನ್ನ ‘ನೀನು’ ಅಂದ್ರೆ ನಿಮಗೆ ಬೇಜಾರಾಗಲ್ವೇ?”

“ನಮ್ಮೂರಲ್ಲಿ ದೇವ್ರನ್ನೇ ನೀನು ಅಂತೀವಿ. ದೇವ್ರಿಗೇ ಇಲ್ದ ಬೇಜಾರು ನಂಗ್ಯಾಕೆ?”

ವಾದ ಮೂರು ದಿನ ನಡೆಯಿತು. ಅಷ್ಟರಲ್ಲಿ ಶಾರದಮ್ಮನವರು ಆಟವನ್ನು ಆಡಿ ನೋಡಲು ಕೂತರು. ಯಂತ್ರಕ್ಕೆ ಗೊತ್ತಿದ್ದದ್ದು ‘ಬಾಗಿಲು ತೆಗೆ’. ಅವರು ಒತ್ತಿದ್ದು ‘ಬಾಗಿಲು ತೆಗೀರಿ’. ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ, ಎಂದಿತು ಯಂತ್ರ. ಅವರು “ಕ್ಷಮಿಸಿ” ಎಂದು ಬಾಯಲ್ಲಿ ಹೇಳಿ, ಇನ್ನಷ್ಟು ವಿನಯದಿಂದ ‘ದಯವಿಟ್ಟು ಬಾಗಿಲು ತೆಗೀರಿ’ ಎಂದು ಒತ್ತಿದರು. ಅರ್ಥ ಆಗಲಿಲ್ಲ. ಮರ್ಯಾದೆ ಹೆಚ್ಚಿದಷ್ಟೂ ಯಂತ್ರ ದೂರ ಹೋಗುತ್ತಿತ್ತು. ಏಕವಚನಕ್ಕೆ ಇಳಿಯಿರಿ ಎಂದು ನಾವು ಬೇಡಿಕೊಂಡೆವು. “ಅದೊಂದು ನನ್ನ ಕೈಲಾಗಲ್ಲಪ್ಪ,” ಎಂದರು. ಅರ್ಧ ಗಂಟೆ ಅವರು ಆ ಹೊಸ್ತಿಲು ದಾಟಲೇ ಇಲ್ಲ. ಊಟ ತಪ್ಪಿದರೂ ಪರವಾಗಿಲ್ಲ, ಬಾಗಿಲಿಗೆ ಅವಮರ್ಯಾದೆ ಮಾಡುವುದಿಲ್ಲ.

ಮಾದೇವ ಸೋತ. ಅಥವಾ ಗೆದ್ದನೋ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಮರ್ಯಾದೆ ಆ ಕ್ರಿಯಾಪದದ ಬಾಲದಲ್ಲಿರುತ್ತದೆ. ಆದ್ದರಿಂದ ಯಂತ್ರ ವಾಕ್ಯವನ್ನು ಕೊನೆಯಿಂದ ಓದಲಿ, ‘ರಿ’ ಎಂದು ಮುಗಿದಿದ್ದರೆ ‘ನೀವು’ ಎನ್ನಲಿ, ಇಲ್ಲದಿದ್ದರೆ ‘ನೀನು’ ಎನ್ನಲಿ ಎಂದು ಪ್ರೋಗ್ರಾಮು ತಿದ್ದಿದ. ಕೊಟ್ಟಷ್ಟೇ ಮರ್ಯಾದೆ ವಾಪಸು. ಎಲ್ಲರೂ ಮೆಚ್ಚಿದೆವು. ಮಾರನೆಯ ದಿನ ಒಂದು ತಪ್ಪು ಸಿಕ್ಕಿತು. ಯಂತ್ರ ಕೇಳಿದ ಯಾವುದಕ್ಕಾದರೂ ಒಪ್ಪಿ ‘ಸರಿ’ ಎಂದು ಒತ್ತಿದರೆ ಅದು ಥಟ್ಟನೆ ಬಹುವಚನಕ್ಕೆ ಏರುತ್ತಿತ್ತು. ‘ಸರಿ’ಯ ಬಾಲದಲ್ಲೂ ‘ರಿ’ ಇದೆಯಲ್ಲ! ಜೀವಮಾನದಲ್ಲಿ ಯಾರಿಗೂ ಬಹುವಚನ ಕೊಡದ ಮಾದೇವನನ್ನು ಯಂತ್ರ “ನೀವು ಓಣಿಗೆ ಬಂದಿದ್ದೀರಿ” ಎಂದಾಗ ಅವನು ಬೆಚ್ಚಿ, “ಯಾರಪ್ಪಾ ಇವ್ರು?” ಎಂದು ಹಿಂದೆ ತಿರುಗಿದ್ದ. ಆ ತಪ್ಪನ್ನು ನಾವು ತಿದ್ದಲಿಲ್ಲ. ಒಪ್ಪಿಕೊಂಡವರಿಗೆ ಮರ್ಯಾದೆ ಸಿಗುತ್ತದೆ ಎಂಬುದು ತಪ್ಪಾದರೂ ಚೆನ್ನಾಗಿದೆ ಎಂದು ಟೀಚರು ತೀರ್ಪು ಕೊಟ್ಟರು.

ಆಟ ಮುಗಿಸಿದಾಗಲೆಲ್ಲ ಅವರು ಯಂತ್ರಕ್ಕೆ ‘ವಂದನೆ’ ಎಂದು ಒತ್ತುತ್ತಿದ್ದರು. ಅದು ಪ್ರತಿಸಲ ಅರ್ಥ ಆಗಲಿಲ್ಲ ಎನ್ನುತ್ತಿತ್ತು. ಒಂದು ದಿನ ಯಾರಿಗೂ ಹೇಳದೆ ಮಾದೇವ ಅದಕ್ಕೂ ಉತ್ತರ ಬರೆದಿಟ್ಟ. ಅದುವರೆಗೆ ಬಹುವಚನದಲ್ಲಿ ಆಡಿದವರಿಗೆ ಯಂತ್ರ “ಇರಲಿ ಬಿಡಿ” ಎನ್ನುವುದು. ಏಕವಚನದವರಿಗೆ “ಇರ್ಲಿ ಬುಡು”. ಮೂಗು ಕಟ್ಟಿದ ಆ ಪರದೇಶಿ ದನಿ ಶುದ್ಧ ನಂಜನಗೂಡಿನ ಧಾಟಿಯಲ್ಲಿ “ಇರ್ಲಿ ಬುಡು” ಎಂದ ದಿನ ಕೋಣೆಯಲ್ಲಿ ಎಷ್ಟೋ ಹೊತ್ತು ನಗು ನಿಲ್ಲಲಿಲ್ಲ. ಶಾರದಮ್ಮನವರು ಮಾತ್ರ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಅವರು ಈಗಿಲ್ಲ.

ಮಾದೇವ ಇದ್ದಾನೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ನೆನಪಿಸಿದರೆ, “ಆ ‘ರಿ’ ಐಡಿಯಾ ನಿಂದೇ ಅಲ್ವೇನೋ? ನಾನೆಲ್ಲಿ ಅಷ್ಟು ಬುದ್ಧಿವಂತ?” ಎಂದ. ನನ್ನದಲ್ಲ ಎಂದು ನಾನು ಎದೆ ತಟ್ಟಿ ಹೇಳಲಾರೆ. ಅದು ಟೀಚರದ್ದೂ ಇರಬಹುದು. ಆ ಆಟ ಇದ್ದ ಫ್ಲಾಪಿ ನನ್ನ ಹತ್ತಿರವೇ ಇದೆ. ಅದನ್ನು ಓದುವ ಯಂತ್ರ ಊರಿನಲ್ಲಿ ಯಾರ ಹತ್ತಿರವೂ ಇಲ್ಲ. ಈಗ ನನ್ನ ಫೋನು ಸ್ವಚ್ಛ ಕನ್ನಡದಲ್ಲಿ, ‘ಳ’ ‘ಣ’ ಎಲ್ಲ ಹೊರಳಿಸಿಕೊಂಡು, “ನಿಮ್ಮ ಬ್ಯಾಟರಿ ಕಡಿಮೆಯಾಗಿದೆ” ಎನ್ನುತ್ತದೆ. ಅದು ಎಲ್ಲರಿಗೂ ‘ನೀವು’ ಎನ್ನುತ್ತದೆ. ಬೈದರೂ ‘ನೀವು’ ಎನ್ನುತ್ತದೆ. ಉಪಕಾರವೇನೋ ದೊಡ್ಡದು. ಆದರೂ ಅದು ನನ್ನ ಮಾತಿನ ಬಾಲ ನೋಡುವುದಿಲ್ಲವಲ್ಲ ಎಂದು ಸಣ್ಣ ಕೊರಗು.

ಇನ್ನು ಸಂದರ್ಶನ. ನಾನು ನಿಜವಾಗಿ ಹೇಳಬೇಕೆಂದಿದ್ದದ್ದು ಅದು.

ಅಕ್ಕ ನನ್ನ ಕೈ ಹಿಡಿದುಕೊಂಡು ಒಳಗೆ ಹೋದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತಳು. ಮೇಜಿನಾಚೆ ಅಧಿಕಾರಿ ಕಾಗದ ತಿರುವಿದರು. ಮೇಲೆ ಫ್ಯಾನು ಕಿರುಗುಡುತ್ತಿತ್ತು. ಆಮೇಲೆ ಅವರ ದನಿ ನನ್ನ ತಲೆಯ ಮೇಲಿನಿಂದ ಹಾದು ಹೋಯಿತು: “ಏನಮ್ಮಾ, ಇವ್ರಿಗೆ ಕಂಪ್ಯೂಟರ್ ಬರುತ್ತಾ?”

ಅಕ್ಕ ಉಸಿರೆಳೆದುಕೊಂಡಳು. ಅವಳು ಬಾಯಿ ತೆರೆದರೆ ಮುಗಿಯಿತು, ನಾಲ್ಕು ತಿಂಗಳು ಕಲಿತದ್ದೂ ಸೇರಿ ನಾನು ಸಾಮಾನಿನ ಲಾರಿ ಹತ್ತಿದಂತೆ ಎಂದು ನನಗೆ ಅನ್ನಿಸಿತು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ನನ್ನ ಬಾಯಿಂದ, ಏರಿಳಿತವಿಲ್ಲದ, ಸ್ವಲ್ಪ ಮೂಗಿನ ದನಿಯಲ್ಲಿ ಹೊರಬಿತ್ತು:

“ಅರ್ಥ ಆಗಲಿಲ್ಲ. ಇನ್ನೊಮ್ಮೆ ಹೇಳಿ.”

ಇಷ್ಟು ಹೇಳಿ ನಾನೂ ಸುಮ್ಮನಾದೆ. ಕಾಯುವುದನ್ನು ಡಬ್ಬಿಯಿಂದ ಚೆನ್ನಾಗಿ ಕಲಿತಿದ್ದೆ. ಕುರ್ಚಿ ಸರಿದ ಸದ್ದಾಯಿತು. ದನಿ ಈಗ ಕೆಳಗಿಳಿದು, ನೇರ ನನ್ನ ಮುಖಕ್ಕೆ ಬಂತು.

“ನಿಮಗೆ ಕಂಪ್ಯೂಟರ್ ಬರುತ್ತಾ ಅಂತ ಕೇಳ್ದೆ.”

“ಬರುತ್ತೆ ಸರ್. ನಾನು ಟೈಪ್ ಮಾಡಿ ತೋರಿಸ್ತೀನಿ.”

ಅವರು ಹೇಳಿದ್ದನ್ನು ಹೇಳಿದಷ್ಟು ವೇಗದಲ್ಲೇ ಒತ್ತಿದೆ. ಕೆಲಸ ಸಿಕ್ಕಿತು. ಮೈಸೂರಿನಲ್ಲೇ ಉಳಿದೆ. ಆ ಕಚೇರಿಗೆ ಫೋನ್ ಮಾಡಿದವರನ್ನೆಲ್ಲ “ನಿಮಗೆ ಯಾರು ಬೇಕು?” ಎಂದು ಕೇಳಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಭಾವನ ವರ್ಗವೂ ಕೊನೆಗೆ ರದ್ದಾಯಿತು.

ಈ ಭಾಗವನ್ನು ಬರೆದು ಮುಗಿಸಿ, ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿ ಫೋನಿನಿಂದ ಓದಿಸಿ ಕೇಳಿಸಿದೆ. ಅವಳ ಪಾತ್ರ ಸಣ್ಣದಾಯಿತೆಂದು ಬೇಜಾರು ಮಾಡಿಕೊಂಡಾಳು ಎಂದಷ್ಟೇ ನನ್ನ ಭಯ. ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು.

“ನಾನೆಲ್ಲಿ ಒಳಗೆ ಬಂದೆ? ಹೊರಗೆ ಬೆಂಚಿನ ಮೇಲೆ ಕೂತಿದ್ದೆ ಕಣೋ. ಒಬ್ರನ್ನೇ ಕಳಿಸಿ ಅಂತ ಪ್ಯೂನ್ ಹೇಳ್ದ. ನೀನೊಬ್ನೇ ಒಳಗೆ ಹೋದೆ.”

“ಮತ್ತೆ ಅವರು ‘ಏನಮ್ಮಾ’ ಅಂದಿದ್ದು?”

“ಯಾರಿಗಂದ್ರೋ ನಂಗೇನ್ ಗೊತ್ತು? ನನಗಂತೂ ಅಲ್ಲ. ಆ ಕೋಣೇಲಿ ನೀನು ಬಿಟ್ರೆ ಅವ್ರೊಬ್ರೇ ಅಂತ ನೀನೇ ಬಂದು ಹೇಳಿದ್ದೆಯಲ್ಲೋ.”

ಬಟಾಣಿ ಮತ್ತೆ ಬಟ್ಟಲಿಗೆ ಬೀಳತೊಡಗಿತು. ಅಕ್ಕ ಸುಳ್ಳು ಹೇಳುವವಳಲ್ಲ. ಆದರೆ ಅವಳ ನೆನಪೂ ಇಪ್ಪತ್ತೈದು ವರ್ಷದ್ದೇ. ಅವಳು ಹೇಳಿದ್ದು ನಿಜವಾದರೆ ಆ ಅಧಿಕಾರಿ ಮೊದಲ ಮಾತಿನಿಂದಲೇ ನನ್ನನ್ನು “ನೀವು” ಎಂದಿರಬೇಕು. ಆಗ ನಾನು ಅರ್ಥ ಆಗಲಿಲ್ಲ ಎಂದದ್ದು ಯಾಕೆ? ನಿಜವಾಗಿಯೂ ಅರ್ಥವಾಗಿರಲಿಲ್ಲವೇ? ನೇರವಾಗಿ ನನ್ನನ್ನೇ ಕೇಳಿದ ಪ್ರಶ್ನೆ ನನ್ನ ಕಿವಿಗೆ ಬೇರೆ ಯಾರನ್ನೋ ಕೇಳಿದಂತೆ ಕೇಳಿಸಿತೇ? ಹಾಗಾದರೆ ಆ ವರ್ಷಗಳಲ್ಲಿ ಇನ್ನೂ ಎಷ್ಟು ಜನ ನನ್ನನ್ನು ನೇರವಾಗಿ ಮಾತಾಡಿಸಿದ್ದರೋ, ನಾನು ಎಷ್ಟಕ್ಕೆ ಸುಮ್ಮನೆ ಕೂತಿದ್ದೆನೋ. ಯಾರಿಗೆ ಕ್ಷಮೆ ಕೇಳಬೇಕು, ಯಾರಿಗೆ ಕೃತಜ್ಞತೆ ಹೇಳಬೇಕು ಎಂಬುದನ್ನು ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ. ಸದ್ಯಕ್ಕೆ ಎಲ್ಲರಿಗೂ ಎರಡನ್ನೂ ಹೇಳಿಬಿಡುವುದು ವಾಸಿ ಎಂದುಕೊಂಡಿದ್ದೇನೆ.

ಅಂದು ಆ ಕೋಣೆಯಲ್ಲಿ ಎಷ್ಟು ಜನರಿದ್ದರು ಎಂಬುದು ನನಗೆ ಗೊತ್ತಿಲ್ಲ.